ಇನ್‌ಹೇಲರಿಗೆ ಬೀಗ ಜಡಿಸಿದ ಅಧ್ಯಕ್ಷರಿಗೆ

ಮಾನ್ಯ ಶಾಲಾ ಆಡಳಿತ ಮಂಡಳಿಯ ಅಧ್ಯಕ್ಷರೇ,

ತಮ್ಮ ಶಾಲೆಯ ಸುರಕ್ಷತಾ ವ್ಯವಸ್ಥೆ ನನ್ನ ಮಗಳನ್ನು ಹೆಚ್ಚುಕಡಿಮೆ ಕೊಂದೇಬಿಟ್ಟಿತ್ತು. ಪೂರ್ತಿ ಕೊಲ್ಲಲಿಲ್ಲವಾದ್ದರಿಂದ ತಾವು ಅದನ್ನು ‘ಸಣ್ಣ ಅಹಿತಕರ ಘಟನೆ’ ಎಂದು ಕರೆದಿದ್ದೀರಿ. ಪೂರ್ತಿ ಕೊಂದಿದ್ದರೆ ಮಧ್ಯಮ ಗಾತ್ರದ್ದಾಗುತ್ತಿತ್ತೇನೋ. ಅಳತೆಗೋಲು ತಮ್ಮ ಕೈಯಲ್ಲಿರುವಾಗ ನಾನೇಕೆ ತಕರಾರು ಮಾಡಲಿ?

ಮಗಳಿಗೆ ಆಸ್ತಮಾ. ಉಸಿರೆಳೆದಾಗ ಎದೆಯಲ್ಲಿ ಸೀಟಿ ಕೇಳಿಸುವುದರಿಂದ ಮನೆಯಲ್ಲಿ ಅವಳು ಪೀಪಿ. ಆ ಹೆಸರು ಇಟ್ಟುಕೊಂಡವಳು ಅವಳೇ. ಅಳಬೇಕಾದಲ್ಲಿ ನಗುವ ಚಾಳಿ ಅಪ್ಪನಿಂದ ಬಂದದ್ದು. ಅವಳ ಚೀಲದಲ್ಲಿ ಸದಾ ಒಂದು ನೀಲಿ ಇನ್‌ಹೇಲರ್ ಇರುತ್ತಿತ್ತು. ಹೋದ ವರ್ಷ ಯಾರೋ ಹುಡುಗರು ಯಾರದೋ ಇನ್‌ಹೇಲರನ್ನು ಪಿಸ್ತೂಲು ಮಾಡಿಕೊಂಡು ಆಡಿದರೆಂದು ತಮ್ಮ ಮಂಡಳಿ ಗಾಬರಿಬಿದ್ದು ಸಭೆ ಸೇರಿತು. ಔಷಧಗಳೆಲ್ಲ ಅಪಾಯಕಾರಿ ವಸ್ತುಗಳೆಂದು ಠರಾವಾಯಿತು. ಮಕ್ಕಳ ಇನ್‌ಹೇಲರುಗಳನ್ನು ಸಂಗ್ರಹಿಸಿ, ಕಕ್ಕಸು ತೊಳೆಯುವ ಆಸಿಡ್ಡು, ಇಲಿಪಾಷಾಣಗಳ ಜೊತೆ ಮೂರನೇ ಮಹಡಿಯ ಉಕ್ಕಿನ ಕಪಾಟಿನಲ್ಲಿಟ್ಟು ಬೀಗ ಜಡಿಸಿದಿರಿ. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಮಕ್ಕಳ ಔಷಧಕ್ಕೆ ಅದಕ್ಕಿಂತ ಎತ್ತರದ ಜಾಗ ಕಟ್ಟಡದಲ್ಲಿ ಇರಲಿಲ್ಲವೆಂದು ಕಾಣುತ್ತದೆ. ಪೋಷಕರಾದ ನಾವು ಯಾರೂ ಉಸಿರೆತ್ತಲಿಲ್ಲ. ಉಸಿರೆತ್ತದೆ ಬದುಕುವುದು ನಮಗೆ ರೂಢಿಯಾಗಿದೆ. ಮಕ್ಕಳಿಗೆ ಇನ್ನೂ ಆಗಿಲ್ಲ.

ಆ ದಿನ ಪಾಠದ ನಡುವೆ ಪೀಪಿಗೆ ಉಸಿರು ಕಟ್ಟಿತು. ತರಗತಿಯ ಮೇಷ್ಟ್ರು ಓಡಿದರು. ಕಪಾಟಿನ ಕೀಲಿ ಸುರಕ್ಷತಾ ಅಧಿಕಾರಿಯ ಜೇಬಿನಲ್ಲಿ, ಸುರಕ್ಷತಾ ಅಧಿಕಾರಿ ಸಭಾಂಗಣದಲ್ಲಿ, ಸಭಾಂಗಣದಲ್ಲಿ ಸುರಕ್ಷತಾ ತರಬೇತಿ. ಆಂಬುಲೆನ್ಸ್ ಕರೆಸಲು ಅಪ್ಪಣೆ ಕೊಡಬೇಕಾದ ಪ್ರಾಂಶುಪಾಲರೂ ಒಳಗೇ ಇದ್ದರು. ಫೋನುಗಳನ್ನೆಲ್ಲ ಬಾಯಿ ಮುಚ್ಚಿಸಿ ಬುಟ್ಟಿಗೆ ಹಾಕಲಾಗಿತ್ತು. ವೇದಿಕೆಯ ಮೇಲೆ ಬಾಯಿ ತೆರೆದಿದ್ದವರು ತಾವೊಬ್ಬರೇ. ವಿಷಯ: ತುರ್ತು ಸಂದರ್ಭದಲ್ಲಿ ಕ್ಷಣವೂ ತಡಮಾಡಬಾರದು.

ಮೇಷ್ಟ್ರು ಬಾಗಿಲ ಹೊರಗೇ ನಿಂತು ಕಾದರು. ಆಸ್ಪತ್ರೆಯ ಪಡಸಾಲೆಯಲ್ಲಿ ಅದನ್ನು ಅವರೇ ನನಗೆ ಹೇಳಿದರು.

“ಜವಾನ, ‘ಇನ್ನೇನು ಮುಗೀತು ಸಾರ್, ಅಧ್ಯಕ್ಷರು ಕೊನೆಯದಾಗಿ ಅಂದ್ರು’ ಅಂದ. ಸರಿ, ನಿಂತೆ. ಆಮೇಲೆ ಇನ್ನೊಂದ್ಸಲ ಕೊನೆಯದಾಗಿ ಅಂದ್ರು.”

“ಬಾಗಿಲು ತಳ್ಳಬಹುದಿತ್ತಲ್ಲ ಮೇಷ್ಟ್ರೇ?”

“ಅಧ್ಯಕ್ಷರು ಮಾತಾಡ್ತಿದ್ರಲ್ಲ ಸಾರ್. ಹೋದ್ಸಲ ಅವರ ಭಾಷಣದ ಮಧ್ಯೆ ಎದ್ದುಹೋದ ಸಂಗೀತದ ಟೀಚರ್ ಗತಿ ಏನಾಯ್ತು ಅಂತ ನಿಮಗೆ ಗೊತ್ತಿಲ್ಲ.”

ಪಕ್ಕದ ಬೆಂಚಿನಲ್ಲಿದ್ದ ನನ್ನ ಅತ್ತೆ ಕೇಳಿದರು, “ಏನಾಯ್ತು, ಅವಳ ಉಸಿರೂ ನಿಂತೋಯ್ತಾ?”

“ಇಲ್ಲಮ್ಮ. ಕೆಲಸ ಹೋಯ್ತು.”

“ಓ, ಹಾಗಾದ್ರೆ ನೀನು ಮಾಡಿದ್ದು ಸರಿ ಬಿಡಪ್ಪ. ಕೆಲಸ ದೊಡ್ಡದು. ಮಗು ಇಷ್ಟೇ ಇಷ್ಟು.”

ಮೇಷ್ಟ್ರು ತಲೆ ತಗ್ಗಿಸಿದರು. ತಗ್ಗಿಸುವುದಕ್ಕೆ ಅವರಿಗೆ ತಲೆಯಾದರೂ ಇತ್ತು.

ತಮ್ಮ ‘ಕೊನೆಯದಾಗಿ’ಗೂ ನನ್ನ ಮಗಳ ಕೊನೆಗೂ ಆ ಹೊತ್ತು ಪೈಪೋಟಿ ನಡೆದಿತ್ತು. ಯಾರು ಗೆದ್ದರೆಂದು ಹೇಳುವುದು ಕಷ್ಟ. ಚಪ್ಪಾಳೆ ಮುಗಿದ ಮೇಲೆ ಕೀಲಿ ಬಂತು. ಅಷ್ಟರಲ್ಲಿ ಅವಳ ತುಟಿ ಇನ್‌ಹೇಲರಿನ ಬಣ್ಣಕ್ಕೆ ತಿರುಗಿತ್ತು. ಆಮೇಲೆ ಎಷ್ಟೋ ದಿನ ಅವಳ ಪರವಾಗಿ ಒಂದು ಯಂತ್ರ ಉಸಿರಾಡಿತು. ಪುಣ್ಯಕ್ಕೆ ಅದು ಆಸ್ಪತ್ರೆಯ ಯಂತ್ರ. ಆಡಳಿತ ಯಂತ್ರವಾಗಿದ್ದರೆ ಮೊದಲು ಠರಾವು ಕೇಳುತ್ತಿತ್ತು.

ಈಗ ಅವಳು ಮನೆಗೆ ಬಂದಿದ್ದಾಳೆ. ಮಾತಾಡಿದರೆ ದಣಿಯುತ್ತಾಳೆ. ಮಂಡಳಿ ಮಾತ್ರ ದಣಿದಿಲ್ಲ. ಮತ್ತೆ ಸಭೆ ಸೇರಿ ಕಪಾಟಿಗೆ ಎರಡನೇ ಬೀಗ ಹಾಕಿಸಿದೆ. ಮೇಷ್ಟ್ರನ್ನು ಕರ್ತವ್ಯಲೋಪಕ್ಕಾಗಿ ಮನೆಗೆ ಕಳಿಸಿದೆ. ಕಾದದ್ದಕ್ಕೂ ಶಿಕ್ಷೆ, ಕಾಯದೆ ಎದ್ದುಹೋದರೂ ಶಿಕ್ಷೆ. ಹಾಗಾದರೆ ತಮ್ಮ ಶಾಲೆಯಲ್ಲಿ ತಪ್ಪು ಮಾಡದೆ ಇರುವುದು ಹೇಗೆ, ಅಧ್ಯಕ್ಷರಾಗಿಯೇ? ಮಕ್ಕಳ ಪ್ರಾಣ ಯಾರ ಹೊಣೆ ಎಂದರೆ ತಾವು ಪ್ರಾಂಶುಪಾಲರತ್ತ ಬೆರಳು ತೋರುತ್ತೀರಿ, ಅವರು ಸುರಕ್ಷತಾ ಅಧಿಕಾರಿಯತ್ತ, ಅವರು ಕೀಲಿಯತ್ತ. ಕೀಲಿಗೆ ಬೆರಳಿಲ್ಲದ್ದರಿಂದ ಅದೊಂದೇ ಸಿಕ್ಕಿಬಿದ್ದಿದೆ. ತಾವು ಅಧ್ಯಕ್ಷತೆ ವಹಿಸುತ್ತೀರಿ, ಮೌನ ವಹಿಸುತ್ತೀರಿ; ಹೊಣೆ ವಹಿಸುವ ದಿನ ಮಾತ್ರ ತಮಗೆ ಬೇರೆ ಕಾರ್ಯಕ್ರಮವಿರುತ್ತದೆ.

ನಿನ್ನೆ ಮಗಳು ಕೇಳಿದಳು, “ಅಪ್ಪ, ನಂಗೆ ಮತ್ತೆ ಹಾಗಾದ್ರೆ ಮೇಲೆ ಹೋಗ್ಬೇಕಾ?” ‘ಮೇಲೆ’ ಎಂದರೆ ಅವಳ ಪ್ರಕಾರ ಮೂರನೇ ಮಹಡಿ. ನಾನು ಎದ್ದು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತೆ.

ಆದ್ದರಿಂದ ನನ್ನ ಆಗ್ರಹ ಇಷ್ಟು. ಸೋಮವಾರ ಅವಳು ಶಾಲೆಗೆ ಬರುತ್ತಾಳೆ, ಇನ್‌ಹೇಲರನ್ನು ದಾರಕ್ಕೆ ಪೋಣಿಸಿ ಎಲ್ಲರಿಗೂ ಕಾಣುವಂತೆ ಕೊರಳಿಗೆ ಹಾಕಿಕೊಂಡು. ತೆಗೆಸಲು ಜವಾನನನ್ನಾಗಲಿ, ಕೆಲಸ ಉಳಿಸಿಕೊಳ್ಳಬೇಕಾದ ಇನ್ನೊಬ್ಬ ಮೇಷ್ಟ್ರನ್ನಾಗಲಿ ಕಳಿಸಬೇಡಿ. ತಾವೇ ಗೇಟಿಗೆ ಬನ್ನಿ. ಎಲ್ಲ ಪೋಷಕರ ಎದುರು, ತಮ್ಮ ಕೈಯಾರೆ ಅದನ್ನು ಬಿಚ್ಚಿ. ಬಿಚ್ಚಲು ಕೈ ಬಾರದಿದ್ದರೆ, ಉಳಿದ ಮಕ್ಕಳ ಔಷಧವನ್ನೂ ಅಂದೇ ಕೆಳಗಿಳಿಸಿ. ಜೊತೆಗೆ ತಾವೂ ಇಳಿಯಿರಿ.

ಇಂತಿ,
ಊರಿನಲ್ಲಿ ಬೇರೆ ಶಾಲೆ ಇಲ್ಲದ್ದರಿಂದ ಇನ್ನೂ ತಮ್ಮವನಾಗಿಯೇ ಉಳಿದಿರುವ
ಒಬ್ಬ ತಂದೆ