ತೂಬಿನ ಮುಂದಿನ ಕಂಬಳಿ

ಕಂಬದಹಟ್ಟಿ, ಶಿರಾ ತಾಲ್ಲೂಕು
12-5-1984

ಮಂತ್ರಿಗಳಾದ ಓಬಳಯ್ಯಣ್ಣನವರಿಗೆ ಜುಂಜಣ್ಣನ ನಮಸ್ಕಾರ.

ನಮ್ಮ ಸಣ್ಣ ಪಕ್ಷ ದೊಡ್ಡವರ ಜೊತೆ ಸರ್ಕಾರ ಸೇರಿ ವರ್ಷವಾಯಿತು. ಕೆರೆಯ ತೂಬು ಇನ್ನೂ ರಿಪೇರಿಯಾಗಿಲ್ಲ. ಈಗ ಪಕ್ಷದ ಸಭೆ ಕರೆದರೆ ನಾನು, ಕ್ಯಾತಣ್ಣ ಇಬ್ಬರೇ.

ಎಲೆಕ್ಷನ್ನಿಗೆ ಮೊದಲು ಆ ತೂಬಿಗಾಗಿ ನೀವು ಒಂಬತ್ತು ದಿನ ಉಪವಾಸ ಕೂತ ಕಂಬಳಿ ನಮ್ಮ ಮನೆಯಲ್ಲೇ ಇತ್ತು. ಅಂದು ನಿಮ್ಮ ಜೊತೆ ಕೂತಿದ್ದ ಹೊನ್ನಕ್ಕ ನಿನ್ನೆ ಬಂದು, "ಆ ಕಂಬ್ಳಿ ಕೊಡಪ್ಪ, ಸೋಮವಾರದಿಂದ ಕೂರ್ತೀವಿ" ಅಂದಳು.

"ಯಾರ ವಿರುದ್ಧ?" ಅಂದೆ.

"ಓಬಳಯ್ಯನ ವಿರುದ್ಧವೇ ಕಣಪ್ಪ. ಇಂಗೆ ಕೂರೋದ ಕಲಿಸ್ದೋನೂ ಅವ್ನೇ ಅಲ್ವಾ?"

ಕೊಟ್ಟೆ.

ಬರುವುದಾದರೆ ಕಾರನ್ನು ಕೆರೆ ಏರಿಯ ಆಚೆಗೇ ನಿಲ್ಲಿಸಿ. ಕುರ್ಚಿ ತರಿಸಬೇಡಿ. ಕಂಬಳಿಯ ಮೇಲೆ ನನ್ನ ಪಕ್ಕ ಜಾಗ ಬಿಟ್ಟಿರುತ್ತೇನೆ.

ಇಂತಿ ನಿಮ್ಮವ,
ಜುಂಜಣ್ಣ
ಪಕ್ಷದ ಹಟ್ಟಿ ಶಾಖೆಯ ಕಾರ್ಯದರ್ಶಿ