ತಿರುಗಿಸಿ ಹಾಕಿದ ಸೂಜಿ

ಮಾರ್ಚ್ ಹನ್ನೊಂದು
ಅಂಗಡಿಯಿಂದ, ಊಟವಾದ ಮೇಲೆ

ಮುದ್ದಿನ ಚೂಟಿಗೆ,

ಚಿಕ್ಕಪ್ಪನ ಆಶೀರ್ವಾದಗಳು. ಕಾಗದ ತಡವಾಯಿತು, ಮುಖ ಊದಿಸಿಕೊಳ್ಳಬೇಡ. ಪರದೆಯ ಮೇಲೆ ಬರುವ ಮನುಷ್ಯನಿಗೆ ಬಿಡುವೆಲ್ಲಿ? ಫೋನಿನಲ್ಲೇ ಕೇಳಬಹುದಿತ್ತು. ಆದರೆ ನೀನು ಕಿಸಕ್ಕೆಂದು ನಕ್ಕು ಮಾತು ಹಾರಿಸಿಬಿಡುತ್ತೀಯ. ಕಾಗದದ ಮುಂದೆ ಆ ಆಟ ನಡೆಯದು.

ನನ್ನ ಹೊಲಿಗೆ ಮೆಷಿನ್ ರಿಪೇರಿಯ ವಿಡಿಯೋಗಳನ್ನು ನೀನು ಶುರು ಮಾಡಿಸಿದಾಗ ಬಂದವರೆಲ್ಲ ಹಲ್ಲು ಕಿರಿಯುವವರೇ. ನಾನು ಮೆಷಿನ್ನಿಗೆ ಬೈಯುವುದನ್ನು ನೋಡಲು ಸೇರಿದ ಸಂತೆ ಅದು. "ಇವ್ರು ಬೇಡ ಚಿಕ್ಕಪ್ಪ. ಮನೇಲಿ ಹಳೇ ಮೆಷಿನ್ ಇಟ್ಕೊಂಡು, ಕೆಟ್ರೆ ಏನ್ ಮಾಡ್ಬೇಕೋ ಗೊತ್ತಿಲ್ದೆ ಕೂತಿರ್ತಾರಲ್ಲ, ಅವ್ರು ಬರ್ಬೇಕು" ಎಂದು ಹೇಳಿ ನೀನು ವಿಡಿಯೋದಿಂದ ನನ್ನ ಬೈಗುಳವನ್ನೆಲ್ಲ ಕತ್ತರಿಸಿದೆ. ಬಂದರಪ್ಪಾ ಬಂದರು! "ನಿಮ್ಮಿಂದ ನನ್ನ ಮೆಷಿನ್ ಬದುಕ್ತು ಚಿಕ್ಕಪ್ಪಾ" ಎನ್ನುವವರೇ ಎಲ್ಲ. ನೀನು ಅದನ್ನೇ ಹಿಡಿದುಕೊಂಡು, ಅಂಗಡಿ ಬಿಟ್ಟುಬಿಡು, ಇನ್ನು ಪರದೆಯ ಮೇಲೆ ಪಾಠ ಹೇಳಿಕೊಂಡೇ ಬದುಕಬಹುದು ಎಂದೆ. ಬಿಡುತ್ತೀರೋ ಇಲ್ಲವೋ ಶುಕ್ರವಾರದೊಳಗೆ ಹೇಳಿ ಎಂದು ಕಟ್ಟಡದ ಯಜಮಾನರೂ ಕೂತಿದ್ದರು.

ನಾನು ಓದಿದ್ದು ಏಳನೇ ಕ್ಲಾಸು. ಆದರೆ ನನ್ನ ಕಣ್ಣಿಗೆ ಮಣ್ಣೆರಚುವವನು ಇನ್ನೂ ಹುಟ್ಟಿಲ್ಲ. ಮೆಷಿನ್ ಇಟ್ಟುಕೊಂಡವರ ಜಾತಿ ನನಗೆ ಗೊತ್ತು. ಅವರು ಹೊಗಳುವುದಿಲ್ಲ, ಗೊಣಗುತ್ತಾರೆ. ದಾರ ತುಂಡಾದರೆ ನನ್ನ ತಲೆಗೇ ಕಟ್ಟುತ್ತಾರೆ. ಇವರೊಬ್ಬರೂ ಗೊಣಗಲಿಲ್ಲವಲ್ಲ! ನಿನ್ನ ಚಿಕ್ಕಮ್ಮನಿಗೆ ಹೇಳಿದೆ. "ಬೈದ್ರೂ ಅನುಮಾನ, ಹೊಗಳಿದ್ರೂ ಅನುಮಾನ. ಕನ್ನಡಿ ನೋಡ್ಕೊಂಡ್ರೂ ಯಾರೋ ಅವ್ನು ಅಂತೀರಿ ನೀವು" ಎಂದಳು.

ಹಾಗಾಗಿ ಒಂದು ಬೋನು ಇಟ್ಟೆ. ಹೋದ ವಾರದ ವಿಡಿಯೋದಲ್ಲಿ, ಬೇಕೆಂತಲೇ, ಸೂಜಿಯ ಚಪ್ಪಟೆ ಬೆನ್ನನ್ನು ಉಲ್ಟಾ ತಿರುಗಿಸಿ ಹಾಕಿ, "ಹೀಗೇ ಹಾಕಬೇಕು" ಎಂದು ಎದೆ ತಟ್ಟಿ ಹೇಳಿದೆ. ಹಾಗೆ ಹಾಕಿದರೆ ಹೊಲಿಗೆ ಕೂಡುವುದೇ ಇಲ್ಲ. ನಿಜವಾಗಿ ಮೆಷಿನ್ ಮುಂದೆ ಕೂತವರಾದರೆ ಅರ್ಧ ಗಂಟೆಯಲ್ಲಿ ನನ್ನ ಜನ್ಮ ಜಾಲಾಡಬೇಕು. ಏನು ಬಂತು ಗೊತ್ತೇ? "ನೀವು ಹೇಳಿದ ಹಾಗೇ ಹಾಕಿದೆ, ಹೊಲಿಗೆ ಮುತ್ತಿನ ಹಾಗೆ ಬರ್ತಿದೆ ಚಿಕ್ಕಪ್ಪಾ!" ಇನ್ನೊಬ್ಬರು, "ಮಗಳ ಲಂಗ ಹೊಲಿದೇ ಬಿಟ್ಟೆ!" ಯಾವ ಮೆಷಿನ್ನಿನಲ್ಲಿ ಹೊಲಿದಳೋ ಮಹಾತಾಯಿ!

ಸಿಕ್ಕಿಬಿದ್ದೆ, ಕಳ್ಳಿ. ಇವರೆಲ್ಲ ನೀನೇ, ಇಲ್ಲವೇ ನಿನ್ನ ಗೆಳತಿಯರ ಗುಂಪು. ಗಿರಾಕಿಯಿಲ್ಲದೆ ಮಂಕಾಗಿ ಕೂತ ಚಿಕ್ಕಪ್ಪನನ್ನು ಖುಷಿಪಡಿಸಲು ಹೂಡಿದ ನಾಟಕ. ಕೋಪವಿಲ್ಲ. ನನ್ನನ್ನು ಏಮಾರಿಸಲು ಇಷ್ಟು ಜನ ಬೇಕಾಯಿತಲ್ಲ ಎಂದು ಒಳಗೊಳಗೇ ಹೆಮ್ಮೆ. ಆದರೆ ಅಂಗಡಿ ಬಿಡುವುದಿಲ್ಲ, ಯಜಮಾನರಿಗೆ ಇವತ್ತೇ ಹೇಳಿದೆ. ಆ ಸೂಜಿಯ ವಿಡಿಯೋ ಮಾತ್ರ ನೀನೇ ತೆಗೆದುಹಾಕು. ಯಾರಾದರೂ ಅಮಾಯಕರು ನಂಬಿಯಾರು.

ವೇಳೆಗೆ ಸರಿಯಾಗಿ ಊಟ ಮಾಡು. ಪರದೆ ನೋಡಿ ನೋಡಿ ಕಣ್ಣು ಕೆಡಿಸಿಕೊಳ್ಳಬೇಡ. ನೂರು ಕಾಲ ಬಾಳು, ನನಗಿಂತ ಕೊಂಚ ಕಡಿಮೆ ತಂಟೆ ಮಾಡಿಕೊಂಡು.

ನಿನ್ನ ಪ್ರೀತಿಯ
ಚಿಕ್ಕಪ್ಪ, ಮೆಷಿನ್ ಡಾಕ್ಟರ್

ಮ.ವಿ.: ಒಂದು ಮಾತು ಬರೆಯಲಿಲ್ಲ. ಆ ಹೊಗಳಿಕೆಯ ಸಾಲಿನ ಕೆಳಗೆ ಒಬ್ಬ ಮಾತ್ರ, ಹೆಸರಿಲ್ಲದವನು, ಬೈದಿದ್ದಾನೆ: "ಬೆನ್ನು ಯಾವ ಕಡೆ ಅಂತ ಮರೆತ್ಯೇನೋ ದಡ್ಡ? ಇದನ್ನೇನಾ ನಾನು ಕಲಿಸಿದ್ದು?" ನನಗೆ ಸೂಜಿ ಹಾಕಲು ಕಲಿಸಿದವನು ಭೂಮಿಯ ಮೇಲೆ ಒಬ್ಬನೇ, ನಿನ್ನ ಅಪ್ಪ. ಅಂಗಡಿ ಪಾಲಾದ ದಿನದಿಂದ ಅಣ್ಣ ನನ್ನ ಜೊತೆ ಒಂದು ಮಾತೂ ಆಡಿಲ್ಲ, ನಿನಗೆ ಗೊತ್ತು. ಉತ್ತರವಾಗಿ "ಅಣ್ಣಾ" ಎಂದು ಒತ್ತಿದೆ, ಅಳಿಸಿದೆ, ಮತ್ತೆ ಒತ್ತಿದೆ. ಇನ್ನೂ ಕಳಿಸಿಲ್ಲ. ಚೂಟಿ, ಉಳಿದದ್ದನ್ನೆಲ್ಲ ನೀನೇ ಬರೆದದ್ದೆಂದು ಒಪ್ಪಿಕೋ, ನಗುತ್ತೇನೆ. ಆ ಬೈಗುಳವನ್ನೂ ನೀನೇ ಬರೆದಿದ್ದರೆ ಮಾತ್ರ ನನಗೆ ಹೇಳಬೇಡ.