ಫೋನಿನಲ್ಲಿ ಮುಟ್ಟಿದ ಕುತ್ತಿಗೆ

ಅಪ್ಪನಿಗೆ,

ತಿಂಗಳಿಂದ ಮುಚ್ಚಿಟ್ಟಿದ್ದನ್ನು ಹೇಳಿಬಿಡುತ್ತೇನೆ. ಕ್ಷಯದ ಪರೀಕ್ಷೆಗೆ ಸೂಜಿ ಚುಚ್ಚಿದ ಜಾಗದಲ್ಲಿ ನಮ್ಮ ಹಸು ಜಂಬಿಯ ಕುತ್ತಿಗೆ ಊದಿತ್ತು. ಊದಿದರೆ ರೋಗ ಇರಬಹುದು ಎಂದೇ ಅರ್ಥ. ಮೈ ತಿಕ್ಕುವಾಗ ನನ್ನ ಕೈಗೆ ಸಿಕ್ಕಿತು. ದನಗಳ ಪ್ರದರ್ಶನದ ಬಹುಮಾನ ಅವಳದೇ ಎಂದು ಹಿಗ್ಗುತ್ತಿದ್ದ ನಿಮ್ಮ ಮುಖ ನೋಡಿ ಸುಮ್ಮನಾದೆ.

ಮೂರನೆಯ ದಿನ ಬಂದು ಮುಟ್ಟಿ ನೋಡಬೇಕಾದ ದನದ ಡಾಕ್ಟರು ಊತ ಇದೆಯಾ ಎಂದು ಫೋನಿನಲ್ಲೇ ಕೇಳಿದರು. ನೀವು ಕೊಟ್ಟಿಗೆಗೆ ಕಾಲಿಡದೆ, ಕುರ್ಚಿಯಲ್ಲಿ ಕೂತೇ "ನುಣ್ಣಗಿದೆ ಸಾರ್" ಅಂದಿರಿ. ಅಷ್ಟಕ್ಕೇ ಆರೋಗ್ಯ ಪ್ರಮಾಣಪತ್ರ ಬಂತು! ಫೋನಿನಲ್ಲೇ ಕುತ್ತಿಗೆ ಮುಟ್ಟುವವರು ಹಾಲನ್ನೂ ಫೋನಿನಲ್ಲೇ ಕರೆಯಲಿ.

ನಿನ್ನೆ ಇನ್ನೊಮ್ಮೆ ಪರೀಕ್ಷೆ ಮಾಡಿಸೋಣ ಎಂದೆ. "ಸ್ಕೂಲು ಬಿಟ್ಟೋಳು ನಂಗೆ ಪಾಠ ಹೇಳ್ತೀಯಾ? ಸೀಲು ಬಿದ್ದಿದೆ, ಸುಮ್ನಿರು" ಅಂದಿರಿ. ಸೀಲು ಬಿದ್ದಿರುವುದು ಕಾಗದಕ್ಕೆ, ಅಪ್ಪ. ಕೆಮ್ಮುತ್ತಿರುವುದು ಜಂಬಿ. ನಾಳಿದ್ದು ಪ್ರದರ್ಶನದಲ್ಲಿ ಅವಳ ಪಕ್ಕ ಕಟ್ಟುವ ದನಗಳು ಯಾರಿಗೇನು ಮಾಡಿವೆ?

ಅಕ್ಕನ ಮಗುವಿಗೆ ಜಂಬಿಯ ಹಾಲು ಕೊಡಬೇಡಿ. ಅವಳಿಗೆ ನೀರಿನ ಬಾನಿ ಬೇರೆ ಇಡಿ.

ಪ್ರಮಾಣಪತ್ರ ಹುಡುಕಬೇಡಿ, ನನ್ನ ಹತ್ತಿರ ಇದೆ. ಡಾಕ್ಟರ ಮೇಲಧಿಕಾರಿಗೆ ಅದನ್ನು ಕೊಟ್ಟು, ನಾನು ಬಾಯಿಮುಚ್ಚಿ ಕೂತಿದ್ದನ್ನೂ ಹೇಳುತ್ತೇನೆ. ನಾಳೆ ಜಂಬಿಯನ್ನು ಪ್ರದರ್ಶನಕ್ಕೆ ಒಯ್ಯುವ ನಿಮ್ಮ ಲಾರಿ ಬರುವ ಮೊದಲು, ಬೆಳಗಿನ ಬಸ್ಸಿಗೆ ಹೊರಡುತ್ತಿದ್ದೇನೆ.

ಇತಿ,
ಸ್ಕೂಲು ಬಿಟ್ಟ ಮಗಳು